ಅರಸಾಳಿನ ಹಳೇ ಸ್ಟೇಷನ್ನೂ ನಮ್ಮೂರಿನ ಖಾಲಿ ಗೋದಾಮೂ

ರೈಲು ನಿಲ್ಲದ ಹಳೇ ಸ್ಟೇಷನ್ ಕಟ್ಟಡವನ್ನು ಊರಿನ ಉಪಯೋಗಕ್ಕೆ ತರಬಹುದೇ? ತಂದರೆ ಯಾರು ನಡೆಸಬೇಕು, ದುಡ್ಡು ಎಲ್ಲಿಂದ, ರೈಲ್ವೆಯವರು ಒಪ್ತಾರಾ? ನಮ್ಮೂರಲ್ಲಿ ಎರಡು ವರ್ಷದಿಂದ ಇದೇ ಮಾತು. ಹಳಿಯ ಪಕ್ಕ ಒಂದು ಸಣ್ಣ ಸ್ಟೇಷನ್ ಮನೆ, ಅದಕ್ಕೆ ಅಂಟಿದ ಹಾಗೆ ಗೂಡ್ಸ್ ಗೋದಾಮು, ಎರಡೂ ಬೀಗ ಬಿದ್ದು ನಿಂತಿವೆ. ಸುತ್ತ ಲಂಟಾನ ಬೆಳೆದಿದೆ. ಈ ಬೇಸಿಗೆಯೊಳಗೆ ಕೆಡವುತ್ತಾರೆ ಅಂತ ಸುದ್ದಿ. ಊರಿನ ಅರ್ಧ ಜನ ಕೆಡವಲಿ, ಕಲ್ಲಾದರೂ ಸಿಗುತ್ತೆ ಅಂತಾರೆ. ಉಳಿದರ್ಧ ಜನ ಇರಲಿ ಅಂತಾರೆ, ಇದ್ದು ಏನು ಮಾಡೋದು ಅಂದರೆ ಸುಮ್ಮನಾಗ್ತಾರೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಆರು ಎಕರೆ ಬೆದ್ದಲು ಇದೆ. ರಾಗಿ, ಶೇಂಗಾ, ಅಕ್ಕಡಿಯಲ್ಲಿ ತೊಗರಿ, ಅವರೆ, ಹುಚ್ಚೆಳ್ಳು. ಕಟ್ಟಡದ ಪಂಡಿತ ನಾನಲ್ಲ. ಆದರೆ ಇಂಥ ಕೆಲಸ ಬೇರೆ ಕಡೆ ಹೇಗೆ ಆಯ್ತು ಅಂತ ನೋಡಿ ಬರೋಣ ಎಂದು ಅರಸಾಳಿಗೆ ಹೋಗಿದ್ದೆ. ನೋಡಿದ್ದು, ಕೇಳಿದ್ದು, ಓದಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಅರಸಾಳು ಎಲ್ಲಿದೆ?

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕು. ಶಿವಮೊಗ್ಗದಿಂದ ತಾಳಗುಪ್ಪದ ಕಡೆ ಹೋಗುವ ರೈಲು ಹಾದಿಯಲ್ಲಿ ಕುಂಸಿ ದಾಟಿದ ಮೇಲೆ, ಆನಂದಪುರಕ್ಕೆ ಮೊದಲು ಸಿಗುತ್ತೆ. ಶಿವಮೊಗ್ಗದಿಂದ ಸುಮಾರು 40 ಕಿಲೋಮೀಟರು. ಸುತ್ತ ಕಾಡು. ನಮ್ಮ ಬಯಲುಸೀಮೆಯವನಿಗೆ ಆ ಹಸುರು ನೋಡಿಯೇ ಹೊಟ್ಟೆಕಿಚ್ಚಾಗುತ್ತೆ, ಅದು ಬೇರೆ ಮಾತು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದಕ್ಕೆ ತುಂಬ ವರ್ಷ ಹೋಗಲಿಲ್ಲ. ಆಮೇಲೆ ಮೈಸೂರು ಸಂಸ್ಥಾನದ ಕಾಲದಲ್ಲೇ, 1930ರ ದಶಕದಲ್ಲಿ, ತುಂಡು ತುಂಡಾಗಿ ಹಳಿ ಹಾಕುತ್ತ ಹೋಗಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿಸಿದರು. ಕಾಡಿನ ಮರಮುಟ್ಟು, ಕುಂಸಿ ಕಡೆಯ ಮ್ಯಾಂಗನೀಸ್ ಅದಿರು, ಸಾಗರದ ಅಡಿಕೆ, ಜೋಗದ ಕಡೆ ಹೋಗುವ ಸಾಮಾನು ಸರಂಜಾಮು, ಇಂಥದ್ದಕ್ಕೆಲ್ಲ ಬೇಕಾದ ಹಾದಿ ಅದು. ಜೋಗದ ವಿದ್ಯುತ್ ಕೇಂದ್ರ ಶುರುವಾದದ್ದು 1948ರಲ್ಲಿ ಎಂಬುದನ್ನು ಜೊತೆಗಿಟ್ಟು ನೋಡಿದರೆ ತಾಳಗುಪ್ಪದವರೆಗೆ ರೈಲು ಯಾಕೆ ಅಂತ ಗೊತ್ತಾಗುತ್ತೆ. ಈ ಹಾದಿಯಲ್ಲಿ ನಿಂತ ಸಣ್ಣ ಸ್ಟೇಷನ್ನುಗಳಲ್ಲಿ ಅರಸಾಳೂ ಒಂದು. ಹೆಂಚಿನ ಮಾಡು, ಒಂದೆರಡು ಕೋಣೆ, ಮುಂದೆ ನೆರಳಿಗೆ ಸ್ವಲ್ಪ ಜಾಗ. ಅಷ್ಟೇ.

ಹಳೇ ಸ್ಟೇಷನ್ನು ಯಾಕೆ ಬೇಡವಾಯ್ತು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ, ರೈಲ್ವೆಯವರು ಸುಮ್ಮನೆ ಕಟ್ಟಡ ಹಾಳು ಬಿಟ್ಟರು ಅಂತ.

ಮೊದಲು ಅದು ಮೀಟರ್ ಗೇಜ್. ಹಳಿಯಿಂದ ಹಳಿಗೆ ಸರಿಯಾಗಿ ಒಂದು ಮೀಟರು. ಈಗಿರುವುದು ಬ್ರಾಡ್ ಗೇಜ್, 1676 ಮಿಲಿಮೀಟರು, ಅಂದರೆ ಐದೂವರೆ ಅಡಿ. ದೇಶದ ಹಾದಿಗಳನ್ನೆಲ್ಲ ಒಂದೇ ಅಳತೆಗೆ ತರಬೇಕೆಂದು 1992ರಲ್ಲಿ ದೊಡ್ಡ ಯೋಜನೆ ಶುರುವಾಯ್ತು. ತಾಳಗುಪ್ಪದ ಹಾದಿಯ ಸರದಿ ಬರಲು ತಡವಾಯ್ತು. ನಡುವೆ ಕೆಲವು ವರ್ಷ ಅಲ್ಲಿ ರೈಲು ಬಸ್ಸು ಓಡಿತು. ನೋಡಲು ಬಸ್ಸೇ, ಓಡುವುದು ಹಳಿ ಮೇಲೆ. ಕೊನೆಗೆ ಗೇಜು ಬದಲಾವಣೆ ಮುಗಿದು ದೊಡ್ಡ ರೈಲು ತಾಳಗುಪ್ಪದವರೆಗೆ ಹೋದದ್ದು 2011ರಲ್ಲಿ.

ಗೇಜು ಅಗಲವಾದರೆ ಹಳಿ ಮಾತ್ರ ಬದಲಾಗೋದಿಲ್ಲ. ಡಬ್ಬಿ ಅಗಲ, ಎತ್ತರ. ಹಾಗಾಗಿ ಹಳಿ ಪಕ್ಕದ ಗೋಡೆ, ಕಂಬ ಎಲ್ಲ ದೂರ ಸರಿಯಬೇಕು. ಪ್ಲಾಟ್‌ಫಾರಂ ಎತ್ತರ ಹೆಚ್ಚಬೇಕು. ಗಾಡಿ ಉದ್ದ, ಹಾಗಾಗಿ ಪ್ಲಾಟ್‌ಫಾರಮ್ಮೂ ಉದ್ದ. ಹಳೇ ಕಟ್ಟಡದ ಮುಂದೆಯೇ ಮಣ್ಣು ತುಂಬಿ ಎತ್ತರ ಮಾಡಿದರೆ ಕಟ್ಟಡದ ಬಾಗಿಲು ಗುಂಡಿಯೊಳಗೆ ಹೋದಂತೆ ಆಗುತ್ತೆ, ಮಳೆ ನೀರು ಒಳಗೆ ನುಗ್ಗುತ್ತೆ. ಅದಕ್ಕೇ ಬಹಳ ಕಡೆ ಸ್ವಲ್ಪ ಆಚೆ ಹೊಸ ಸ್ಟೇಷನ್ನು ಕಟ್ಟಿ ಹಳೇದನ್ನು ಹಾಗೇ ಬಿಟ್ಟರು.

ಇನ್ನೊಂದು ಕಾರಣ ಒಳಗಿನ ಯಂತ್ರ. ನಮ್ಮೂರಲ್ಲಿ ನಿವೃತ್ತ ಗ್ಯಾಂಗ್‌ಮನ್ ಅಜ್ಜ ಒಬ್ಬರಿದ್ದಾರೆ. ಅವರನ್ನು ಕೇಳಿದೆ, ಅಜ್ಜ, ಆಗಿನ ಕಾಲದಲ್ಲಿ ಎರಡು ರೈಲು ಎದುರಾಬದರು ಬಾರದ ಹಾಗೆ ಹೇಗೆ ನೋಡಿಕೊಳ್ತಿದ್ರಿ ಅಂತ. ಅವರು ಹೇಳಿದ್ದು ಹೀಗೆ:

"ಎರಡು ಸ್ಟೇಷನ್ನಿಗೂ ಒಂದೊಂದು ಪೆಟ್ಟಿಗೆ ಇರ್ತಿತ್ತು ಕಣಪ್ಪಾ. ತಂತಿಯಿಂದ ಎರಡಕ್ಕೂ ಸಂಬಂಧ. ಆ ಕಡೆ ಮಾಸ್ತರು ಒಪ್ಪಿದರೆ ಈ ಕಡೆ ಪೆಟ್ಟಿಗೆಯಿಂದ ಒಂದು ಕಬ್ಬಿಣದ ಗುಂಡು ಉದುರೋದು. ಅದು ಡ್ರೈವರ್ ಕೈಲಿದ್ದರೇ ಗಾಡಿ ಮುಂದೆ ಹೋಗಬೇಕು. ಅದನ್ನು ಆ ಕಡೆ ಪೆಟ್ಟಿಗೆಗೆ ಹಾಕುವ ತನಕ ಇನ್ನೊಂದು ಗುಂಡು ಯಾವ ಪೆಟ್ಟಿಗೆಯಿಂದಲೂ ಬರಾಂಗಿಲ್ಲ."

ಇದನ್ನು ಟೋಕನ್ ಅಂತಾರೆ. ಗುಂಡನ್ನು ಚರ್ಮದ ಚೀಲದೊಳಗಿಟ್ಟು, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರನಿಗೆ ಎತ್ತಿ ಹಿಡಿಯುತ್ತಿದ್ದರು. ಅವನು ತೋಳು ಚಾಚಿ ಬಳೆಗೆ ತೂರಿಸಿಕೊಳ್ಳುತ್ತಿದ್ದ. ಹುಡುಗರಾಗಿದ್ದಾಗ ಅದನ್ನು ನೋಡಲೆಂದೇ ನಾವು ದನ ಬಿಟ್ಟು ಓಡುತ್ತಿದ್ದೆವು. ಬಣ್ಣದ ದೀಪದ ಸಿಗ್ನಲ್ಲು, ಗುಂಡಿ ಒತ್ತುವ ಹಲಗೆ ಬಂದ ಮೇಲೆ ಈ ಪೆಟ್ಟಿಗೆ, ಸನ್ನೆಗೋಲು, ಸಿಗ್ನಲ್ಲಿನ ರೆಕ್ಕೆ ಎಲ್ಲ ಬೇಡವಾದವು. ಹೊಸ ಯಂತ್ರಕ್ಕೆ ಹೊಸ ಕೋಣೆ ಬೇಕು, ಹಳೇ ಕೋಣೆ ಸಾಲದು. ಹೀಗೆ ಕಟ್ಟಡ ಗಟ್ಟಿಯಾಗೇ ಇದ್ದರೂ ಕೆಲಸ ಇಲ್ಲದೆ ನಿಂತಿತು.

ಶಂಕರನಾಗ್ ಬಂದ ಊರು

ಅರಸಾಳಿನ ಕಟ್ಟಡ ಉಳಿದದ್ದಕ್ಕೆ ಬೇರೊಂದು ಕಾರಣ ಇದೆ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳಲ್ಲಿ ಮಾಲ್ಗುಡಿ ಎಂಬ ಊರು ಬರುತ್ತೆ. ನಕಾಶೆಯಲ್ಲಿ ಹುಡುಕಿದರೆ ಸಿಗದ ಊರು. 1930ರಲ್ಲಿ, ಅವರ ಅಜ್ಜಿ ನೋಡಿಕೊಟ್ಟ ಒಳ್ಳೇ ದಿನ ಬರೆಯಲು ಕೂತಾಗ ಅವರ ಮನಸ್ಸಿಗೆ ಆ ಊರು ಮೊದಲು ಬಂದದ್ದೇ ಪುಟ್ಟ ರೈಲ್ವೆ ಸ್ಟೇಷನ್ನಿನ ಸಮೇತ ಎಂದು ಅವರೇ ಬರೆದಿದ್ದಾರಂತೆ. ಅದರ ಮೊದಲ ಪುಸ್ತಕ 1935ರಲ್ಲಿ ಅಚ್ಚಾಯ್ತು.

ಐವತ್ತು ವರ್ಷ ಕಳೆದ ಮೇಲೆ ಶಂಕರನಾಗ್ ಆ ಕಥೆಗಳನ್ನು ದೂರದರ್ಶನಕ್ಕೆ ಧಾರಾವಾಹಿ ಮಾಡಿದರು. ‘ಮಾಲ್ಗುಡಿ ಡೇಸ್’ ಅಂತ 1986ರಲ್ಲಿ ಬರಲು ಶುರುವಾಯ್ತು. ನಮ್ಮ ಪ್ರಾಯದವರಿಗೆ ನೆನಪಿರುತ್ತೆ. ಊರಿಗೆ ಒಂದೋ ಎರಡೋ ಟಿ.ವಿ., ಭಾಷೆ ಹಿಂದಿ, ಆದರೂ ಬಾಯಿ ಬಿಟ್ಟು ನೋಡ್ತಿದ್ದೆವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನಪ್ಪನಾಗಿ ಗಿರೀಶ ಕಾರ್ನಾಡರು. ಊರಿನ ದೃಶ್ಯಗಳನ್ನು ಹೆಚ್ಚಾಗಿ ಆಗುಂಬೆಯಲ್ಲಿ ತೆಗೆದರು. ಆಗುಂಬೆಗೆ ರೈಲಿಲ್ಲ. ಹಾಗಾಗಿ ಮಾಲ್ಗುಡಿಯ ಸ್ಟೇಷನ್ನಿಗೆ ಅರಸಾಳನ್ನು ಆರಿಸಿದರು. ಮೀಟರ್ ಗೇಜು, ಹೆಂಚಿನ ಮನೆ, ಹಿಂದೆ ಮರಗಳು, ಕಥೆಯ ಕಾಲಕ್ಕೆ ಹೊಂದುವಂತೆ ಇತ್ತು.

ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ನಮ್ಮ ಬಯಲುಸೀಮೆಯ ಆನಗೋಡಿನ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆನಗೋಡು ದಾವಣಗೆರೆ ತಾಲೂಕು. ಆ ಹೆದ್ದಾರಿಯಲ್ಲಿ ಹೋಗುವಾಗ ಈಗಲೂ ಬಸ್ಸಿನಲ್ಲಿ ಯಾರಾದರೂ ಒಬ್ಬರು ಆ ಮಾತು ತೆಗೀತಾರೆ.

ಮ್ಯೂಸಿಯಂ ಆದ ಬಗೆ

ಹೊಸ ಸ್ಟೇಷನ್ನು ಬಂದ ಮೇಲೆ ಅರಸಾಳಿನ ಹಳೇ ಕಟ್ಟಡ ಕೆಲವು ವರ್ಷ ನಮ್ಮೂರಿನದರ ಹಾಗೇ ಬಿದ್ದಿತ್ತು. 2019ರ ಹೊತ್ತಿಗೆ ಅದನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡುವ ಕೆಲಸ ಹಿಡಿದರು. ಕೆಲಸ ನೈಋತ್ಯ ರೈಲ್ವೆಯದು. ಖರ್ಚು ಸುಮಾರು 1.3 ಕೋಟಿ ರೂಪಾಯಿ ಅಂತ ಪತ್ರಿಕೆಗಳಲ್ಲಿ ಬಂತು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇಲ್ಲಿನ ಕಲೆಯ ಕೆಲಸಕ್ಕೂ ಬಂದರು. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಅದೇ ಕಟ್ಟಡವನ್ನು ಮಾಲ್ಗುಡಿ ಮಾಡಿದವರು ತಾನೇ, ಅದು ಹೇಗಿತ್ತು ಎಂದು ಇನ್ನೊಬ್ಬರನ್ನು ಕೇಳಬೇಕಾಗಿರಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ. 2020ರಲ್ಲಿ ಮ್ಯೂಸಿಯಂ ತೆರೆಯಿತು. ಕೊರೋನಾದ ವರ್ಷ, ಹಾಗಾಗಿ ಮೊದಮೊದಲು ಜನ ಬರುವುದೇ ಕಷ್ಟವಿತ್ತು.

ಒಳಗೆ ಧಾರಾವಾಹಿಯ ಚಿತ್ರಗಳು, ಸ್ವಾಮಿ ಮತ್ತವನ ಗೆಳೆಯರ ಬೊಂಬೆಗಳು, ಹಳೇ ರೈಲ್ವೆ ಸಾಮಾನು. ಹೊರಗೆ ಒಂದು ಹಳೇ ರೈಲು ಡಬ್ಬಿ ತಂದು ನಿಲ್ಲಿಸಿ ಅದನ್ನು ಚಹಾದಂಗಡಿ ಮಾಡಿದರು, ಹೆಸರು ‘ಮಾಲ್ಗುಡಿ ಚಾಯ್’. ಸ್ಟೇಷನ್ನಿಗೇ ಮಾಲ್ಗುಡಿ ಅಂತ ಹೆಸರಿಡಬೇಕು ಎಂಬ ಮಾತೂ ಎದ್ದಿತ್ತು. ನನ್ನ ಅಭಿಪ್ರಾಯ ಕೇಳಿದರೆ ಅರಸಾಳು ಅರಸಾಳಾಗೇ ಇರಲಿ. ಕಥೆಯ ಊರಿಗೆ ಕಥೆ ಸಾಕು, ಇದ್ದ ಊರಿಗೆ ಹೆಸರು ಬೇಕು. ಹೊಸನಗರ ತಾಲೂಕಿನಲ್ಲಿ ಲಿಂಗನಮಕ್ಕಿ ನೀರಿನಡಿ ಎಷ್ಟೋ ಊರಿನ ಹೆಸರುಗಳು ಈಗಾಗಲೇ ಹೋಗಿವೆ.

ನಮಗೆ ಎಷ್ಟು ಹೊಂದುತ್ತೆ?

ಅಲ್ಲಿಂದ ಬಂದ ಮೇಲೆ ಊರಿನ ಕಟ್ಟೆಯಲ್ಲಿ ಹೇಳಿದೆ. ಒಬ್ಬ ಹುಡುಗ ಕೇಳಿದ, "ಮಾವ, ನಮ್ಮೂರಿಗೆ ಯಾವ ಸಿನಿಮಾದವರು ಬಂದಿದ್ರು?" ಯಾರೂ ಬಂದಿರಲಿಲ್ಲ. ಮ್ಯೂಸಿಯಂ ಮಾಡಲು ನೆನಪು ಬೇಕು, ನೆನಪು ನೋಡಲು ಹೊರಗಿನವರು ಬರಬೇಕು, ಬರಲು ದಾರಿಯಲ್ಲಿ ಜೋಗವೋ ಆಗುಂಬೆಯೋ ಇರಬೇಕು. ನಮ್ಮಲ್ಲಿ ಇರುವುದು ಕಲ್ಲುಗುಡ್ಡ, ಶೇಂಗಾ ಹೊಲ. ಕೋಟಿಗಟ್ಟಲೆ ಖರ್ಚು ಮಾಡಿ ಮ್ಯೂಸಿಯಂ ಮಾಡಿದರೆ ಬೀಗದ ಕೈ ಹಿಡಿದುಕೊಂಡವನ ಬಿಟ್ಟು ಮತ್ಯಾರೂ ಒಳಗೆ ಹೋಗೋದಿಲ್ಲ.

ಯಲಹಂಕ–ಚಿಕ್ಕಬಳ್ಳಾಪುರ ಹಾದಿಯಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿದೆ. ಕೋಲಾರದ ಕಡೆಯ ಆ ಹಾದಿ ಮೊದಲು ಮೀಟರ್ ಗೇಜಿಗಿಂತಲೂ ಚಿಕ್ಕದು, ಎರಡೂವರೆ ಅಡಿ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂತು, ಮುಂದೆ ಚಿಕ್ಕಬಳ್ಳಾಪುರ ಮುಟ್ಟಿ ಬೆಂಗಳೂರಿಗೆ ಕೂಡಿತು. ಕೋಲಾರ–ಚಿಕ್ಕಬಳ್ಳಾಪುರದ ತುಂಡು ಬ್ರಾಡ್ ಗೇಜ್ ಆದದ್ದು 2013ರಲ್ಲಿ. ಆ ಸಾಲಿನ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ನಾಲ್ಕು ಹಳೇ ಸ್ಟೇಷನ್ ಮನೆಗಳ ದುರಸ್ತಿಯನ್ನು ಇಂಟ್ಯಾಕ್ ಎಂಬ ಸಂಸ್ಥೆ ರೈಲ್ವೆಯ ಒಪ್ಪಿಗೆ ಪಡೆದು ಕೈಗೆತ್ತಿಕೊಂಡಿತು. ಇದರಿಂದ ನನಗೆ ತಿಳಿದದ್ದು ಏನಂದರೆ, ಕಟ್ಟಡ ರೈಲ್ವೆಯದೇ ಆಗಿದ್ದರೂ ಹೊರಗಿನವರ ಜೊತೆ ಕರಾರು ಮಾಡಿಕೊಳ್ಳಲು ಅವರಿಗೆ ದಾರಿ ಇದೆ. ‘ರೈಲ್ವೆ ಜಾಗ, ಮುಟ್ಟೋ ಹಾಗಿಲ್ಲ’ ಎಂದು ನಮ್ಮಲ್ಲಿ ಹೇಳುವ ಮಾತು ಪೂರ್ತಿ ನಿಜವಲ್ಲ.

ಗೋದಾಮಿನ ಗುಣ

ನಮ್ಮೂರಿನ ಗೋದಾಮನ್ನು ನಾನು ಬೀಜದ ಕೋಣೆಯಾಗಿ ಯೋಚಿಸುತ್ತಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ಗೂಡ್ಸ್ ಗೋದಾಮು ಹೇಗೆ ಕಟ್ಟುತ್ತಿದ್ದರು ಎಂಬುದನ್ನು ನೋಡಬೇಕು.

ಹಳೇ ಗೋದಾಮುಗಳ ನೆಲ ವ್ಯಾಗನ್ನಿನ ನೆಲದ ಮಟ್ಟಕ್ಕೆ ಇರುತ್ತೆ. ಹಮಾಲಿ ಚೀಲ ಹೊತ್ತು ಮೆಟ್ಟಿಲು ಹತ್ತದೆ ನೇರ ನಡೆದು ಹೋಗಲಿ ಎಂದು. ಆ ಕಡೆ ರಸ್ತೆಯ ಮಗ್ಗುಲಲ್ಲೂ ಗಾಡಿ ಹಿಂದಕ್ಕೆ ಒತ್ತಿ ನಿಲ್ಲಿಸಿ ಚೀಲ ಎಳೆಯಲು ಅನುಕೂಲ. ನಮ್ಮಪ್ಪನ ಗಾಡಿ ಅಲ್ಲಿಗೆ ಎಷ್ಟು ಸಲ ಹೋಗಿದೆಯೋ ಲೆಕ್ಕವಿಲ್ಲ. ನೆಲ ಎತ್ತರ ಇರುವುದರಿಂದ ಎರಡು ಲಾಭ ತಾನಾಗಿ ಸಿಗುತ್ತೆ. ಭೂಮಿಯ ತೇವ ಮೇಲೆ ಹತ್ತುವುದು ಕಡಿಮೆ. ಇಲಿ ಹೆಗ್ಗಣ ಬಿಲ ತೋಡಿ ನೇರ ಒಳಗೆ ಬರಲಾರವು. ಗೋಡೆಯ ಮೇಲ್ಗಡೆ, ಸೂರಿನಡಿ, ಗಾಳಿಕಿಂಡಿ ಇರುತ್ತವೆ. ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತೆ. ಕಿಟಕಿ ಕಡಿಮೆ, ಅಂದರೆ ಬಿಸಿಲೂ ಕಡಿಮೆ. ಈಗ ಹೊಸದಾಗಿ ತಗಡಿನ ಶೆಡ್ಡು ಹಾಕಿ ಗೋದಾಮು ಅಂತಾರಲ್ಲ, ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಹತ್ತು ನಿಮಿಷ ನಿಂತು ನೋಡಿ. ಮನುಷ್ಯನೇ ತಾಳಲಾರ, ಬೀಜದ ಜೀವ ತಾಳೀತೆ?

ಬೆದ್ದಲು ಬೆಳೆಗಳಲ್ಲಿ ಎಲ್ಲಕ್ಕೂ ಒಂದೇ ಲೆಕ್ಕ ನಡೆಯೋದಿಲ್ಲ. ರಾಗಿ ಗಟ್ಟಿ ಕಾಳು. ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತೆ, ನಮ್ಮ ಹಿರಿಯರು ಹಗೇವಿನಲ್ಲಿ ಇಟ್ಟು ಬರಗಾಲ ದಾಟುತ್ತಿದ್ದರು. ಶೇಂಗಾ ಬಹಳ ನಾಜೂಕು. ಅದನ್ನು ಬೀಜಕ್ಕೆ ಇಡುವಾಗ ಸುಲಿಯಬಾರದು, ಕಾಯಿಯಲ್ಲೇ ಇಡಬೇಕು. ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿರಬೇಕು. ಅಷ್ಟಾದರೂ ಎಂಟೊಂಬತ್ತು ತಿಂಗಳು ಕಳೆದರೆ ಮೊಳಕೆ ಇಳಿಯುತ್ತಾ ಹೋಗುತ್ತೆ. ತೊಗರಿ, ಅವರೆ, ಹುರುಳಿಗೆ ಹುಳದ ಕಾಟ. ಒಂದು ಚೀಲಕ್ಕೆ ಬಿದ್ದರೆ ಕೋಣೆಗೆಲ್ಲ ಹಬ್ಬುತ್ತೆ. ಹಾಗಾಗಿ ಕಾಳುಗಳನ್ನು ಬೇರೆ ಕೋಣೆಯಲ್ಲಿ, ಅಥವಾ ಬಿಗಿ ಮುಚ್ಚಳದ ಡಬ್ಬಗಳಲ್ಲಿ ಇಡಬೇಕು. ಚೀಲಗಳನ್ನು ನೆಲಕ್ಕೆ ಇಡಬೇಡಿ, ಹಲಗೆ ಮೇಲೆ ಇಡಿ. ಗೋಡೆಗೆ ತಾಗಿಸಬೇಡಿ, ಒಂದೂವರೆ ಅಡಿ ಬಿಡಿ. ಆ ಸಂದಿಯಲ್ಲಿ ಮನುಷ್ಯ ಓಡಾಡುವಂತಿದ್ದರೆ ಇಲಿ ಹಿಕ್ಕೆ ಕಣ್ಣಿಗೆ ಬೀಳುತ್ತೆ.

ನಮ್ಮಲ್ಲಿ ಈಗ ಬಿತ್ತನೆ ಬೀಜಕ್ಕೆ ಜೂನ್ ತಿಂಗಳಲ್ಲಿ ಪೇಟೆಗೆ ಓಡಬೇಕು. ಸಾಲು ನಿಲ್ಲಬೇಕು. ಶೇಂಗಾ ಬೀಜದ ರೇಟು ನೋಡಿದರೆ ಎಕರೆಗೆ ಬೀಳುವ ಖರ್ಚಿನಲ್ಲಿ ಅದೇ ದೊಡ್ಡ ಬಾಬತ್ತು. ಮಳೆ ಕೈಕೊಟ್ಟು ಎರಡನೇ ಸಲ ಬಿತ್ತಬೇಕಾದರೆ ಸಾಲವೇ ಗತಿ. ಊರಿನ ನಲವತ್ತು ಮನೆ ತಮ್ಮ ಒಳ್ಳೇ ಬೀಜದಲ್ಲಿ ಒಂದೊಂದು ಚೀಲ ಒಂದೇ ಕಡೆ ಇಟ್ಟರೆ, ಪಡೆದವನು ಸುಗ್ಗಿಯಲ್ಲಿ ಒಂದಕ್ಕೆ ಒಂದೂಕಾಲು ಹಿಂತಿರುಗಿಸಿದರೆ, ಎರಡನೇ ಬಿತ್ತನೆಗೆ ಪೇಟೆ ಮುಖ ನೋಡಬೇಕಾಗಿಲ್ಲ. ಇದು ಹೊಸ ವಿಷಯ ಏನಲ್ಲ, ಹಿಂದೆ ಊರಿನ ದೊಡ್ಡ ಮನೆಯಲ್ಲಿ ನಡೆಯುತ್ತಿದ್ದದ್ದೇ. ಆಗ ಬಡ್ಡಿ ದೊಡ್ಡ ಮನೆಗೆ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ. ಕೋಣೆ ಇಲ್ಲದೆ ಈ ಮಾತು ಮುಂದೆ ಹೋಗುತ್ತಿಲ್ಲ. ಕೋಣೆ ಹಳಿ ಪಕ್ಕ ಬೀಗ ಹಾಕಿಕೊಂಡು ನಿಂತಿದೆ.

ಸ್ಟೇಷನ್ ಮನೆಯ ಮುಂದಿನ ಭಾಗವನ್ನು ಹುಡುಗರು ಓದುವ ಕೋಣೆ ಮಾಡಬೇಕು ಅಂತಾರೆ. ಮಾಡಲಿ. ಹೆಣ್ಣುಮಕ್ಕಳ ಸಂಘದವರು ರಾಗಿ ಹುರಿಹಿಟ್ಟು, ಚಟ್ನಿಪುಡಿ ಮಾಡ್ತಾರೆ, ಅವರಿಗೂ ಜಾಗ ಬೇಕು. ರೈಲು ನಿಲ್ಲುವ ಸ್ಟೇಷನ್ನಿನವರಿಗೆ ಇದರಲ್ಲಿ ಒಂದು ಅನುಕೂಲ ಇದೆ. 2022ರ ಕೇಂದ್ರ ಬಜೆಟ್ಟಿನಲ್ಲಿ ‘ಒಂದು ನಿಲ್ದಾಣ ಒಂದು ಉತ್ಪನ್ನ’ ಅಂತ ಹೇಳಿ ಆ ಊರಿನ ಕಡೆಯ ವಸ್ತು ಮಾರಲು ಸ್ಟೇಷನ್ನುಗಳಲ್ಲಿ ಸಣ್ಣ ಮಳಿಗೆ ಕೊಡುವ ಯೋಜನೆ ತಂದರು. ನಿಮ್ಮೂರಲ್ಲಿ ರೈಲು ನಿಲ್ಲುವುದಾದರೆ ಸ್ಟೇಷನ್ ಮಾಸ್ತರರನ್ನು ವಿಚಾರಿಸಿ. ನಮಗೆ ಅದು ಸಿಗದು, ನಮ್ಮಲ್ಲಿ ಗಾಡಿ ಸೀಟಿ ಹೊಡೆದುಕೊಂಡು ಹೋಗುತ್ತೆ.

ದುರಸ್ತಿ ಮಾಡುವಾಗ

ಹಳೇ ಕಟ್ಟಡ ಕೈಗೆ ಬಂದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಸಿಮೆಂಟು ಬಳಿಯೋದು. ದಯವಿಟ್ಟು ಬೇಡ. ಆ ಕಾಲದ ಗೋಡೆಗಳನ್ನು ಹೆಚ್ಚಾಗಿ ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ, ಇಟ್ಟಿಗೆ ಪುಡಿಯ ಸುರ್ಕಿ ಸೇರಿಸಿರುತ್ತಾರೆ. ಗುರುತು ಹಿಡಿಯೋದು ಸುಲಭ. ಸಂದಿಯ ಗಾರೆಯನ್ನು ಮೊಳೆಯಿಂದ ಕೆರೆದರೆ ಬಿಳಿ ಇಲ್ಲವೇ ನಸುಗೆಂಪು ಪುಡಿ ಉದುರುತ್ತೆ. ಸಿಮೆಂಟಾದರೆ ಬೂದುಬಣ್ಣ, ಮೊಳೆ ಜಾರುತ್ತೆ. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಉಳಿದು, ಉಪ್ಪು ಬಿಟ್ಟು, ಎರಡು ಮೂರು ವರ್ಷದಲ್ಲಿ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತೆ. ಸುಣ್ಣಕ್ಕೆ ಸುಣ್ಣವೇ ಮದ್ದು. ಬೀಜ ಇಡುವ ಕೋಣೆಗಂತೂ ತೇವ ಹಿಡಿದಿಡುವ ಗೋಡೆ ಶತ್ರು.

ಮಾಡು ನೋಡುವಾಗ ಹೆಂಚಿಗಿಂತ ರೀಪು ಪಟ್ಟಿ ನೋಡಿ. ಹೆಂಚು ಒಡೆದರೆ ಬದಲಾಯಿಸಬಹುದು, ಗೆದ್ದಲು ತಿಂದ ಪಟ್ಟಿ ಒಂದೇ ದಿನ ಕೂರುತ್ತೆ. ಚೂರಿ ಚುಚ್ಚಿ ನೋಡಿ, ಮೆತ್ತಗೆ ಇಳಿದರೆ ತೆಗೆಸಿ. ಗೋಡೆ ಸಂದಿಯ ಆಲ, ಅರಳಿ ಸಸಿಯನ್ನು ಸುಮ್ಮನೆ ಕಿತ್ತರೆ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತೆ. ಕಲ್ಲು ಸಡಿಲಿಸಿ ಬೇರು ಸಮೇತ ತೆಗೆದು ಸಂದಿಯನ್ನು ಗಾರೆಯಿಂದ ತುಂಬಬೇಕು. ಇದೆಲ್ಲಕ್ಕಿಂತ ಮೊದಲು ಗೋಡೆಯ ಬುಡದ ನೀರು ಹರಿದು ಹೋಗುವ ಚರಂಡಿ ಬಿಡಿಸಿ. ಚರಂಡಿ ಬಿಡಿಸಲು ಕೋಟಿ ಬೇಡ, ನಾಲ್ಕು ಆಳು ಎರಡು ದಿನ ಸಾಕು.

ಆದರೆ ಇದನ್ನೂ ಒಪ್ಪಿಗೆ ಇಲ್ಲದೆ ಮಾಡಲು ಹೋಗಬೇಡಿ. ಅಪ್ಪಣೆ ಇಲ್ಲದೆ ರೈಲ್ವೆ ಜಾಗಕ್ಕೆ ನುಗ್ಗುವುದು 1989ರ ರೈಲ್ವೆ ಕಾಯ್ದೆ ಪ್ರಕಾರ ಅಪರಾಧ. ಹಳಿ ಪಕ್ಕ ಬೇಲಿಯಿಲ್ಲದೆ ಜನ ಸೇರುವ ಜಾಗ ಮಾಡುವುದು ಅಪಾಯವೂ ಹೌದು. ಹುಡುಗರು ಬರುವ ಓದುವ ಕೋಣೆ ಎಂದ ಮೇಲೆ ಹಳಿಯ ಕಡೆಯ ಬಾಗಿಲು ಮುಚ್ಚಿ, ರಸ್ತೆ ಕಡೆಗೆ ಬಾಗಿಲು ತೆಗೆಯಬೇಕು. ಅರ್ಜಿಯಲ್ಲಿ ಇದನ್ನು ನಾವೇ ಮೊದಲು ಬರೆದರೆ ಅವರಿಗೆ ಬೇಡ ಅನ್ನಲು ಒಂದು ಕಾರಣ ಕಡಿಮೆಯಾಗುತ್ತೆ.

ಅರ್ಜಿಯ ಕಥೆ

ನಮ್ಮೂರಿನಿಂದ ಎರಡು ಅರ್ಜಿ ಹೋಗಿವೆ. ಒಂದಕ್ಕೆ ಉತ್ತರವೇ ಇಲ್ಲ. ಇನ್ನೊಂದನ್ನು ತೆಗೆದುಕೊಂಡು ನಾವು ಮೂರು ಜನ ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಕಾಗದದ ಮೇಲಿನ ನಾಲ್ಕು ಸಾಲು ಓದಿ, "ಕಟ್ಟಡ ನಿಮಗೆ ಕೊಡಿ ಅಂತ ಬರೆದಿದ್ದೀರಿ, ಹಾಗೆ ಕೊಡೋಕೆ ಬರೋದಿಲ್ಲ" ಎಂದು ಹಿಂದಕ್ಕೆ ಕೊಟ್ಟರು. ಹೇಗೆ ಬರೆದರೆ ಬರುತ್ತೆ ಎಂದು ಹೇಳಲಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ ಹೋಯ್ತು. ಈ ಬಗ್ಗೆ ನನಗೆ ಬೇಸರ ಇದೆ, ಇಲ್ಲ ಅನ್ನೋದಿಲ್ಲ.

ಆಮೇಲೆ ವಿಚಾರಿಸಿದ ಮೇಲೆ ತಿಳಿದದ್ದು: ಒಡೆತನ ಕೇಳಬಾರದು, ಇಷ್ಟು ವರ್ಷದ ಅವಧಿಗೆ, ಇಂಥ ಸಾರ್ವಜನಿಕ ಉಪಯೋಗಕ್ಕೆ ಅನುಮತಿ ಎಂದು ಕೇಳಬೇಕು. ಒಬ್ಬೊಬ್ಬ ರೈತ ಬರೆಯುವುದಕ್ಕಿಂತ ಗ್ರಾಮ ಪಂಚಾಯ್ತಿಯ ಠರಾವು ಇರಬೇಕು, ಯಾಕಂದ್ರೆ ಕರಾರಿಗೆ ಸಹಿ ಹಾಕಲು ಒಂದು ಕಾನೂನುಬದ್ಧ ಕೈ ಬೇಕು. ಕಾಗದ ವಿಭಾಗದ ಮುಖ್ಯಸ್ಥರಿಗೆ, ಅಂದರೆ ಡಿವಿಜನಲ್ ಮ್ಯಾನೇಜರರಿಗೆ ಹೋಗಬೇಕು. ಒಂದು ಪ್ರತಿ ಸಂಸದರಿಗೆ ಹೋಗಲಿ. ಕರೆಂಟು, ಕಾವಲು, ಸುಣ್ಣಬಣ್ಣ ಯಾರ ಖರ್ಚು ಅಂತ ಅದರಲ್ಲೇ ಇರಬೇಕು. ಕಟ್ಟಡದ ನಾಲ್ಕು ಮಗ್ಗುಲಿನ ಫೋಟೋ, ಹಳಿಯಿಂದ ಎಷ್ಟು ಅಡಿ ದೂರ ಎಂಬ ಅಳತೆ ಲಗತ್ತಿಸಬೇಕು.

ಕೆಡವುವ ಸುದ್ದಿ ನಿಜವೋ ಸುಳ್ಳೋ ತಿಳಿಯಲು ಬೇರೆ ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಈ ಕಟ್ಟಡವನ್ನು ಕೆಡವಲು ಆದೇಶ ಆಗಿದೆಯೇ, ಆಗಿದ್ದರೆ ದಿನಾಂಕ ಯಾವುದು, ಪ್ರತಿ ಕೊಡಿ ಎಂದು ಮೂರು ಸಾಲು ಬರೆದು ನಾನೇ ಹಾಕಿದ್ದೇನೆ. ರಿಜಿಸ್ಟರ್ಡ್ ಪೋಸ್ಟಿನ ಚೀಟಿ ಪಹಣಿ ಜೊತೆಗೆ ಇಟ್ಟಿದ್ದೇನೆ. ಇವತ್ತಿಗೆ ಹನ್ನೊಂದು ದಿನ ಆಯ್ತು.

ಪಂಚಾಯ್ತಿ ಸಭೆ ಮುಂದಿನ ತಿಂಗಳು ಇದೆ. ಕಲ್ಲು ಬೇಕು ಅನ್ನುವವರಲ್ಲಿ ಇಬ್ಬರು ಸದಸ್ಯರೂ ಇದ್ದಾರೆ, ಒಬ್ಬರು ನನ್ನ ಸಂಬಂಧಿಕರೇ. "ಭಾವ, ಆ ಕಲ್ಲಲ್ಲಿ ಶಾಲೆ ಕಾಂಪೌಂಡ್ ಆಗುತ್ತಲ್ಲ" ಅಂತಾರೆ. ಅದೂ ತೆಗೆದುಹಾಕುವ ಮಾತಲ್ಲ. ಆದರೆ ಕೆಡವಿದ ಕಲ್ಲು ರೈಲ್ವೆಯ ಹರಾಜಿಗೆ ಹೋಗುತ್ತೋ ನಮ್ಮ ಶಾಲೆಗೆ ಬರುತ್ತೋ ಎಂದು ಅವರನ್ನೇ ಕೇಳಿದೆ. ವಿಚಾರಿಸಿ ಹೇಳ್ತೇನೆ ಅಂದಿದ್ದಾರೆ. ಸಭೆಗೆ ಮೊದಲು ಬೀಜ ಇಡಲು ಒಪ್ಪುವ ಮನೆಗಳ ಪಟ್ಟಿ ಕೈಯಲ್ಲಿರಬೇಕು ಎಂದು ನಾನೂ ಇನ್ನಿಬ್ಬರೂ ಸಂಜೆ ಹೊತ್ತು ಮನೆಮನೆಗೆ ಹೋಗುತ್ತಿದ್ದೇವೆ. ನಲವತ್ತು ಅಂದುಕೊಂಡದ್ದು, ಇಲ್ಲಿಯ ತನಕ ಇಪ್ಪತ್ಮೂರು ಮನೆ ಆಗಿವೆ.

ನಿಮ್ಮ ಊರುಗಳಲ್ಲಿ ಹಳೇ ರೈಲ್ವೆ ಕಟ್ಟಡಕ್ಕೋ ಗೋದಾಮಿಗೋ ಪಂಚಾಯ್ತಿ ಹೆಸರಿನಲ್ಲಿ ಅನುಮತಿ ಸಿಕ್ಕಿದ್ದರೆ, ಕರಾರಿನ ಷರತ್ತು ಏನಿತ್ತು, ಎಷ್ಟು ವರ್ಷಕ್ಕೆ, ಬಾಡಿಗೆ ಎಷ್ಟು ಎಂದು ಈ ಪತ್ರಿಕೆಗೆ ಬರೆಯಿರಿ. ಸಭೆಗೆ ಮೊದಲು ಸಿಕ್ಕರೆ ಬಹಳ ಉಪಕಾರ.